ಎತ್ತರಕ್ಕೆ ನೀರೆರೆದವರು

ನಾಲ್ಕು ಕಾಸು ಕೈಗೆ ಹತ್ತಿದ ಮೇಲೆ ಹಳೆಯ ಗೆಳೆಯರ ಗುರುತೇ ಇಲ್ಲದವರಂತೆ ನಡೆಯುವವರು ಎಲ್ಲ ಊರಲ್ಲೂ ಇರುತ್ತಾರೆ. ಚಿಕ್ಕೇರೂರಿನ ಕಟ್ಟೆಯ ಮೇಲೆ ಅಂಥವರ ಬಗ್ಗೆ ಉದ್ದ ಮಾತಿಲ್ಲ. ‘ಅವನ ಕಣ್ಣು ನೆತ್ತಿಗೇರ್ಯಾವ ಬಿಡಪಾ’ ಎಂದರೆ ಮುಗಿಯಿತು. ಪಕ್ಕದವರು ‘ಕಾಲು ನೆಲಕ್ಕ ಹತ್ತವಲ್ಲವು’ ಎಂದು ಕೂಡಿಸುತ್ತಾರೆ. ಇನ್ನೊಬ್ಬರು ‘ತಲಿ ಮ್ಯಾಲ ಮಾಡಿ ಅಡ್ಡಾಡತಾನ’ ಎನ್ನುತ್ತಾರೆ. ಸೊಕ್ಕು, ಧಿಮಾಕು, ಹಮ್ಮು, ಬಿಂಕ, ದೊಡ್ಡಸ್ತಿಕೆ ಎಂದು ಶಬ್ದಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೂ ಮನಸ್ಸಿಗೆ ನೋವಾದಾಗ ನಾಲಿಗೆಗೆ ಬರುವುದು ಮೈಯ ಲೆಕ್ಕವೇ. ಕಣ್ಣು ಇರಬೇಕಾದ ಜಾಗ ಬಿಟ್ಟು ಮೇಲೆ ಹೋಗಿದೆ, ಪಾದ ನೆಲ ಬಿಟ್ಟು ಮೇಲೆ ಎದ್ದಿದೆ. ಸೊಕ್ಕೆಂದರೆ ನಮ್ಮ ಜನಕ್ಕೆ ಒಂದು ಎತ್ತರ.

ಯೆರೂಸಲೇಮಿನ ಗುಡ್ಡ ಹತ್ತುತ್ತಿದ್ದ ಯಾತ್ರಿಕರಿಗೂ ಇದು ಹಾಗೇ ಕಂಡಿತ್ತು. ಬೈಬಲಿನ ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದನ್ನು ಯಾತ್ರಾಗೀತೆಗಳೆನ್ನುತ್ತಾರೆ. ಹಬ್ಬಕ್ಕೆ ದೇವಾಲಯದ ದಾರಿ ಹಿಡಿದವರು ಏರುತ್ತ ಹಾಡುತ್ತಿದ್ದ ಹಾಡುಗಳಿವು ಎಂದು ಪಂಡಿತರು ಹೇಳುತ್ತಾರೆ. ಅವುಗಳಲ್ಲಿ 131ನೆಯದು ಮೂರೇ ವಚನದ್ದು, ದಾವೀದನ ಹೆಸರಿನಲ್ಲಿದೆ. ಹಾಡುವವನು ದೇವರಿಗೆ ಲೆಕ್ಕ ಒಪ್ಪಿಸುತ್ತಾನೆ: ನನ್ನ ಹೃದಯ ಎತ್ತರಕ್ಕೆ ಹೋಗಿಲ್ಲ, ಕಣ್ಣು ಮೇಲೇರಿಲ್ಲ, ನನ್ನ ಅಳವಿಗೆ ಮೀರಿದ್ದಕ್ಕೆ ಕೈ ಹಾಕಿಲ್ಲ. ಮೊಲೆ ಬಿಟ್ಟ ಕೂಸು ತಾಯಿಯ ಮಗ್ಗುಲಲ್ಲಿ ತಣ್ಣಗಿರುವಂತೆ ನನ್ನ ಜೀವ ತಣ್ಣಗಿದೆ. ಕಾಲು ಒಂದೊಂದೇ ಮೆಟ್ಟಿಲು ಮೇಲೇರುತ್ತಿರುವಾಗ ಬಾಯಿ ಹೀಗೆ ಹಾಡಬೇಕು ಎಂದು ಗೊತ್ತುಮಾಡಿದವರು ಯಾರೋ, ಅವರಿಗೆ ಮನುಷ್ಯನ ಎದೆಯ ಪರಿಚಯ ಚೆನ್ನಾಗಿತ್ತು.

ಅಲ್ಲಿ ‘ಎತ್ತರಕ್ಕೆ ಹೋಗು’ ಎಂಬುದಕ್ಕಿರುವ ಹೀಬ್ರೂ ಧಾತು ಮೂರು ಅಕ್ಷರದ್ದು: ಗಿಮೆಲ್, ಬೇತ್, ಹೇ. ಅದರಿಂದ ಹುಟ್ಟಿದ ನಾಮಪದ ‘ಗೋವಹ್’. ಗುಡ್ಡದ ಎತ್ತರ, ಗೋಡೆಯ ಎತ್ತರ, ಆಳಿನ ಎತ್ತರ ಹೇಳಲು ಇದೇ ಮಾತು. ಇಂದಿಗೂ ಇಸ್ರೇಲಿನಲ್ಲಿ ಬಡಗಿ ಬಾಗಿಲಿನ ಎತ್ತರ ಕೇಳುವುದು ಈ ಶಬ್ದದಿಂದಲೇ. ನೋಹನ ಕಾಲದ ಪ್ರಳಯದಲ್ಲಿ ಮುಳುಗಿದ ಎತ್ತರದ ಬೆಟ್ಟಗಳಿಗೂ ಇದೇ ಧಾತುವಿನ ವಿಶೇಷಣ. ಅದನ್ನೇ ಹೃದಯಕ್ಕೋ ಉಸಿರಿಗೋ ಕಣ್ಣಿಗೋ ಹಚ್ಚಿದರೆ ಅರ್ಥ ಗರ್ವ. ಬೀಳುವ ಮೊದಲು ಮನುಷ್ಯನಿಗೆ ಬರುವ ಉಬ್ಬನ್ನು ಜ್ಞಾನೋಕ್ತಿಗಳು ‘ಉಸಿರಿನ ಎತ್ತರ’ ಎಂದೇ ಕರೆಯುತ್ತವೆ. ಪ್ರವಾದಿ ಯೆಶಾಯ ಎರಡನೆಯ ಅಧ್ಯಾಯದಲ್ಲಿ ದೇವರ ದಿನ ಬಂದಾಗ ಏನೇನು ತಗ್ಗುತ್ತದೆಂದು ಪಟ್ಟಿ ಕೊಡುತ್ತಾನೆ: ಲೆಬನೋನಿನ ದೇವದಾರು, ಬಾಷಾನಿನ ಅಲ್ಲೋನ್ ಮರ, ಬೆಟ್ಟ, ಬುರುಜು, ಕೋಟೆಗೋಡೆ, ತಾರ್ಷೀಷಿನ ಹಡಗು. ಎಲ್ಲ ಹೇಳಿ ಮುಗಿಸಿ ಅದೇ ಉಸಿರಿನಲ್ಲಿ ಮನುಷ್ಯನ ಎತ್ತರವೂ ತಗ್ಗುತ್ತದೆ ಎನ್ನುತ್ತಾನೆ.

ಇಷ್ಟು ಓದಿದವರಿಗೆ ಆ ಗ್ರಂಥಕ್ಕೆ ಎತ್ತರ ಎಂದರೇ ಆಗದು ಎನ್ನಿಸಬಹುದು. ನನಗೆ ಹಿಡಿಸಿದ್ದು ಅದರಾಚೆಗೆ ಸಿಗುವ ಮಾತು. ಆಕಾಶ ಭೂಮಿಗಿಂತ ಎಷ್ಟು ಎತ್ತರವೋ ದೇವರ ಕರುಣೆ ಅಷ್ಟು ಎಂದು 103ನೆಯ ಕೀರ್ತನೆ ಹೇಳುವಾಗ ಅಲ್ಲಿರುವುದೂ ಇದೇ ಧಾತು. ಯೋಬನಿಗೆ ದೇವರು ಬಿರುಗಾಳಿಯೊಳಗಿಂದ ‘ಆಗುವುದಾದರೆ ಎತ್ತರವನ್ನು ತೊಟ್ಟುಕೋ ನೋಡೋಣ’ ಎಂದು ಸವಾಲು ಹಾಕುವಾಗ ಎತ್ತರ ಒಂದು ಒಡವೆ. ಎಲ್ಲಕ್ಕಿಂತ ಹೆಚ್ಚಾಗಿ ಯೆಹೂದದ ಅರಸು ಯೆಹೋಷಾಫಾಟ. ಪೂರ್ವಕಾಲವೃತ್ತಾಂತದ ಎರಡನೆಯ ಪುಸ್ತಕ ಅವನನ್ನು ಹೊಗಳುವುದು ಅವನ ಹೃದಯ ಎತ್ತರಕ್ಕೆ ಏರಿತು ಎಂಬ ಮಾತಿನಿಂದಲೇ. ಆದರೆ ಏರಿದ್ದು ದೇವರ ಹಾದಿಯಲ್ಲಿ, ಎದೆಗೊಟ್ಟು, ಅಂಜದೆ. ಅದೇ ಪುಸ್ತಕದಲ್ಲಿ ಒಂಬತ್ತು ಅಧ್ಯಾಯ ದಾಟಿದರೆ ಇನ್ನೊಬ್ಬ ಅರಸನ ಹೃದಯ ಏರುತ್ತದೆ. ಶಬ್ದ ಒಂದೇ. ಅವನು ಮಾತ್ರ ಹಾಳಾಗುತ್ತಾನೆ.

ಆ ಅರಸು ಉಜ್ಜೀಯ. ಅವನ ಕತೆ ನಮ್ಮ ಕಡೆಯ ರೈತರಿಗೆ ಯಾರಾದರೂ ಕೂತು ಹೇಳಬೇಕು. ಹದಿನಾರನೆಯ ವಯಸ್ಸಿಗೆ ಪಟ್ಟಕ್ಕೆ ಬಂದ, 52 ವರ್ಷ ಆಳಿದ. ಅರಸರ ಪಟ್ಟಿಯಲ್ಲಿ ಬೇರೆ ಯಾರ ಬಗ್ಗೆಯೂ ಹೇಳದ ಒಂದು ಮಾತನ್ನು ವೃತ್ತಾಂತಕಾರ ಇವನ ಬಗ್ಗೆ ಹೇಳುತ್ತಾನೆ: ಇವನಿಗೆ ಮಣ್ಣೆಂದರೆ ಪ್ರೀತಿ. ಬಯಲಲ್ಲಿ ದನಕರು ಸಾಕಿದ್ದ, ತಗ್ಗಿನಲ್ಲಿ ಉಳುವವರನ್ನೂ ಗುಡ್ಡದಲ್ಲಿ ದ್ರಾಕ್ಷಿ ಬೆಳೆಯುವವರನ್ನೂ ಇಟ್ಟಿದ್ದ. ಅಡವಿಯಲ್ಲಿ ಕಾವಲಿಗೆ ಬುರುಜು ಕಟ್ಟಿಸಿದ, ಅದರ ಜೊತೆಗೇ ನೀರಿಗೆ ಗುಂಡಿ ತೋಡಿಸಿದ. ಬುರುಜು ಮತ್ತು ಗುಂಡಿ, ಮೇಲಕ್ಕೂ ಕೆಳಕ್ಕೂ ಒಟ್ಟಿಗೆ ಹೋದ ಅರಸು. ಅವನಿಗೆ ಬೇಕಾದಷ್ಟು ನೆರವು ಒದಗುತ್ತ ಬಂದು ಬಲ ಕೂಡಿತು, ಬಲ ಕೂಡಿದ ಮೇಲೆ ಹೃದಯ ಎತ್ತರಕ್ಕೆ ಹೋಯಿತು ಎಂದು ಪುಸ್ತಕ ಹೇಳುತ್ತದೆ. ಯಾಜಕರಷ್ಟೇ ಧೂಪ ಹಾಕಬೇಕಾದ ದೇವಾಲಯದೊಳಕ್ಕೆ ತಾನೇ ಧೂಪಾರತಿ ಹಿಡಿದು ನುಗ್ಗಿದ. ಯಾಜಕ ಅಜರ್ಯ ಎಂಬತ್ತು ಮಂದಿಯೊಡನೆ ಬಂದು ಎದುರು ನಿಂತು, ‘ಇದು ನಿನ್ನ ಕೆಲಸವಲ್ಲ’ ಎಂದ. ಅರಸನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಏರಿದ ಹಣೆಯ ಮೇಲೆಯೇ ಕುಷ್ಠ ಕಾಣಿಸಿತು. ಸಾಯುವವರೆಗೂ ಬೇರೆ ಮನೆಯಲ್ಲಿ ಇರಬೇಕಾಯಿತು, ಆಳ್ವಿಕೆ ಮಗ ಯೋತಾಮನ ಕೈಗೆ ಹೋಯಿತು. ಕುಷ್ಠವನ್ನು ದೇವರ ಶಿಕ್ಷೆಯೆಂದು ಇಂದು ಯಾರೂ ಹೇಳಬಾರದು. ಮದ್ದಿನಿಂದ ಗುಣವಾಗುವ ರೋಗ ಅದು. ಕತೆಯ ನೋವು ಇರುವುದು ಅದಕ್ಕಿಂತ ಮುಂಚೆ, ನೆರವಿನಿಂದ ಬಂದ ಬಲ ತನ್ನದೇ ಎಂದು ಅರಸನಿಗೆ ಅನ್ನಿಸಿದ ಗಳಿಗೆಯಲ್ಲಿ.

ಸೌಲನ ಕತೆ ಬಹಳ ಜನಕ್ಕೆ ಗೊತ್ತು. ಇಸ್ರಾಯೇಲಿನ ಮೊದಲ ಅರಸು, ಗುಂಪಿನಲ್ಲಿ ನಿಂತರೆ ಹೆಗಲಿನಿಂದ ಮೇಲೆ ಎಲ್ಲರಿಗಿಂತ ಎತ್ತರ. ಜನ ಆ ಎತ್ತರ ನೋಡಿಯೇ ಮೆಚ್ಚಿದರು. ಅವನು ದೇವರ ಮಾತು ಮೀರಿದ ಮೇಲೆ ಹೊಸ ಅರಸನನ್ನು ಹುಡುಕಲು ಪ್ರವಾದಿ ಸಮುವೇಲ ಇಷಯನ ಮನೆಗೆ ಬಂದ. ಎದುರು ನಿಂತ ಹಿರಿಮಗ ಎಲೀಯಾಬನನ್ನು ಕಂಡು ‘ಇವನೇ’ ಎಂದುಕೊಂಡ. ಆಳಿನ ಎತ್ತರ ನೋಡಬೇಡ ಎಂದು ದೇವರು ತಡೆದ. ಕುರಿ ಕಾಯಲು ಹೋಗಿದ್ದ ಕಿರಿಯ ಮಗ ದಾವೀದನನ್ನು ಕರೆಸಬೇಕಾಯಿತು. ಮುಂದಿನ ಅಧ್ಯಾಯದಲ್ಲೇ ಗೊಲ್ಯಾತ ಬರುತ್ತಾನೆ. ಆರು ಮೊಳ ಒಂದು ಗೇಣು ಎಂದು ಬೈಬಲ್ ಅವನನ್ನು ಅಳೆಯುತ್ತದೆ. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಹಳೆಯ ಸುರುಳಿಯೊಂದರಲ್ಲಿ ಇದು ನಾಲ್ಕು ಮೊಳ ಒಂದು ಗೇಣು. ಪುರಾತನ ಗ್ರೀಕ್ ಅನುವಾದವೂ ಅದನ್ನೇ ಹೇಳುತ್ತದೆ. ಸೋತ ಶತ್ರುವಿನ ಎತ್ತರ ಹೇಳುವವರ ಬಾಯಲ್ಲಿ ಎರಡು ಮೊಳ ಬೆಳೆದಿರಬಹುದೆಂದು ನನಗನ್ನಿಸುತ್ತದೆ. ಗೆದ್ದವರ ಹೆಮ್ಮೆಗೂ ಒಂದು ಆಳು ಬೇಕಲ್ಲ.

ಈ ಎಲ್ಲ ಕತೆಗಳ ಬೀಗದಕೈ ಯೆಹೆಜ್ಕೇಲನ 31ನೆಯ ಅಧ್ಯಾಯದಲ್ಲಿದೆ. ಐಗುಪ್ತದ ಫರೋಹನಿಗೆ ಅವನು ಹೇಳುವುದು ಒಂದು ದೇವದಾರುವಿನ ಕತೆ. ಲೆಬನೋನಿನಲ್ಲಿ ಒಂದು ಮರ. ಕೊಂಬೆಯಲ್ಲಿ ಹಕ್ಕಿಗಳು ಗೂಡು ಕಟ್ಟಿದವು, ಕೆಳಗೆ ಕಾಡುಮೃಗಗಳು ಮರಿ ಹಾಕಿದವು, ನೆರಳಿನಲ್ಲಿ ಜನಾಂಗಗಳೇ ತಂಗಿದವು. ದೇವರ ತೋಟದ ಮರಗಳಿಗೂ ಇದನ್ನು ಕಂಡು ಹೊಟ್ಟೆಕಿಚ್ಚು. ಪ್ರವಾದಿ ಆ ಚೆಲುವನ್ನು ಮನಸಾರೆ ಬಣ್ಣಿಸುತ್ತಾನೆ, ಅದರಲ್ಲಿ ಕುಹಕವಿಲ್ಲ. ಇದು ಹೀಗೆ ಬೆಳೆದದ್ದು ಹೇಗೆಂದೂ ಹೇಳುತ್ತಾನೆ: ನೆಲದಡಿಯ ನೀರು ಅದನ್ನು ಎತ್ತರ ಮಾಡಿತು, ಬೇರು ತುಂಬು ನೀರಿಗೆ ಇಳಿದಿತ್ತು. ಆಮೇಲೆ ಮರದ ತುದಿ ಮೋಡಕ್ಕೆ ತಾಗಿತು, ತನ್ನ ಎತ್ತರಕ್ಕೆ ತಾನೇ ಉಬ್ಬಿತು. ಕೊಡಲಿ ಬಂದದ್ದು ಆಗ. ಮರ ಎತ್ತರಕ್ಕೆ ಬೆಳೆದದ್ದಕ್ಕೆ ಯಾರೂ ಕೊಡಲಿ ತರಲಿಲ್ಲ. ಅದು ನೀರನ್ನು ಮರೆತಿತ್ತು.

ನೀರಿನ ಮಾತು ಬಂದರೆ ನಾನು ನಮ್ಮ ಸೀಮೆಗೆ ಬರಲೇಬೇಕು. ಹಿರೇಕೆರೂರು ದೊಡ್ಡ ಕೆರೆಯ ಊರು, ಚಿಕ್ಕೇರೂರು ಚಿಕ್ಕ ಕೆರೆಯ ಊರು. ಎರಡರ ಹೆಸರೂ ನಿಂತಿರುವುದು ನೀರಿನ ಮೇಲೆ. ಮಲೆನಾಡಿನ ಸೆರಗು ಮುಗಿದು ಬಯಲು ಶುರುವಾಗುವ ನಾಡು ಇದು. ಬೆಳೆಯುವುದು ಹತ್ತಿ, ಗೋವಿನಜೋಳ, ಭತ್ತ. ಕೆರೆ ಬತ್ತಿದ ವರ್ಷ ಊರವರ ಮೋರೆ ನೋಡಲಾಗುವುದಿಲ್ಲ. ಇದೇ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಹೆಸರಿನ ಜೊತೆ ಸರ್ವಜ್ಞನ ಹೆಸರು ಅಂಟಿಕೊಂಡಿದೆ. ಮಾಸೂರಿನ ಬಸವರಸ ಕಾಶಿಗೆ ಹೋಗಿಬರುವ ದಾರಿಯಲ್ಲಿ ಅಬಲೂರಿನ ಕುಂಬಾರಗೇರಿಯಲ್ಲಿ ತಂಗಿದ, ಕುಂಬಾರರ ಮಾಳಿಯ ಹೊಟ್ಟೆಯಲ್ಲಿ ಮಗ ಹುಟ್ಟಿದ ಎಂದು ಜನ ಹೇಳುತ್ತ ಬಂದಿದ್ದಾರೆ. ಹುಟ್ಟೂರು ಅಬಲೂರೋ ಮಾಸೂರೋ ಎಂಬ ವಾದ ಇನ್ನೂ ಇದೆ. ಕಾಲದ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದನ್ನು ಅವರಿಗೇ ಬಿಡೋಣ.

ಸರ್ವಜ್ಞ ಎಂದರೆ ಎಲ್ಲ ತಿಳಿದವನು. ಮನುಷ್ಯ ತನಗೆ ತಾನೇ ಇಟ್ಟುಕೊಳ್ಳಬಹುದಾದ ಹೆಸರುಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಪ್ರತಿ ತ್ರಿಪದಿಯ ಕೊನೆಗೆ ಅದನ್ನೇ ಅಂಕಿತವಾಗಿ ಹಾಕುತ್ತ ಹೋದವನನ್ನು ಕಂಡು ಅವನ ಕಾಲದವರೂ ‘ಎಂಥ ಸೊಕ್ಕು’ ಎಂದಿರಲೇಬೇಕು. ಇಲ್ಲದಿದ್ದರೆ ಶಾಲೆಗೆ ಹೋದ ಪ್ರತಿ ಕನ್ನಡದ ಮಗುವಿಗೂ ಬಾಯಿಪಾಠವಾಗಿರುವ ಆ ತ್ರಿಪದಿ ಹುಟ್ಟುತ್ತಿರಲಿಲ್ಲ. ಅದರಲ್ಲಿ ಅವನು ಆ ಆಪಾದನೆಯನ್ನು ನೇರವಾಗಿ ಎದುರಿಗಿಟ್ಟುಕೊಂಡು ಉತ್ತರ ಕೊಡುತ್ತಾನೆ: ಈ ಹೆಸರು ಗರ್ವದಿಂದ ಬಂದದ್ದಲ್ಲ, ಕಂಡಕಂಡವರ ಬಳಿ ಚೂರುಚೂರು ಕಲಿತದ್ದು ಸೇರಿ ವಿದ್ಯೆ ಬೆಟ್ಟವಾಯಿತು. ಗರ್ವ ಮತ್ತು ಬೆಟ್ಟ, ಹೀಬ್ರೂವಿನ ಒಂದು ಧಾತುವಿನೊಳಗೆ ಅಡಗಿರುವ ಎರಡೂ ಅರ್ಥಗಳನ್ನು ಅವನು ಪ್ರಾಸದಲ್ಲಿ ಎದುರುಬದುರು ನಿಲ್ಲಿಸಿದ್ದಾನೆ. ಬೆಟ್ಟದಷ್ಟಾಗಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಸುಳ್ಳು ವಿನಯ ಅವನಿಗೆ ಬೇಕಿಲ್ಲ. ಆದರೆ ಬೆಟ್ಟದ ಮಣ್ಣು ಯಾರಯಾರ ಹೊಲದಿಂದ ಬಂತೆಂದು ಹೇಳಿಯೇ ಮುಂದೆ ಹೋಗುತ್ತಾನೆ. ಯೆಹೆಜ್ಕೇಲನ ದೇವದಾರುವಿಗೆ ಇಷ್ಟು ನೆನಪಿದ್ದಿದ್ದರೆ ಉಳಿಯುತ್ತಿತ್ತು.

ಕುಂಬಾರರ ಕೇರಿಯ ಮಗನಿಂದ ಇಂಥ ಮಾತು ಬಂದದ್ದು ನನಗೆ ಆಶ್ಚರ್ಯವೆನ್ನಿಸುವುದಿಲ್ಲ. ಕೆರೆಯಂಗಳದ ಜೇಡಿಮಣ್ಣು ತಂದು, ಕಲ್ಲು ಆರಿಸಿ, ತುಳಿದು, ಹದ ಮಾಡಿ ತಿಗರಿಯ ಮೇಲೆ ಇಡುತ್ತಾರೆ. ಬೆರಳು ಒಳಗಿಂದ ಒತ್ತಿದಂತೆ ಗಡಿಗೆಯ ಗೋಡೆ ಮೇಲೇಳುತ್ತದೆ. ಕೈ ತುಸು ಅವಸರ ಮಾಡಿದರೆ, ಇದ್ದ ಮಣ್ಣಿಗಿಂತ ಹೆಚ್ಚಿನ ಎತ್ತರ ಬಯಸಿದರೆ, ಗೋಡೆ ತೆಳುವಾಗಿ ಅಲ್ಲೇ ಕುಸಿಯುತ್ತದೆ. ಆ ಕೇರಿಯಲ್ಲಿ ಬೆಳೆದ ಹುಡುಗ ಇದನ್ನು ದಿನವೂ ನೋಡಿಯೇ ಇರುತ್ತಾನೆ.

ಅಬಲೂರಿನಲ್ಲಿ ಇನ್ನೊಂದು ಬಗೆಯ ಎತ್ತರದ ದಾಖಲೆಯೂ ಇದೆ, ಅದು ಕಲ್ಲಿನಲ್ಲಿದೆ. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಸುಮಾರು ಕ್ರಿ.ಶ. 1200ರದ್ದು, ಹಾನಗಲ್ಲ ಕದಂಬರ ಕಾಮದೇವನ ಕಾಲದ್ದು. ಇಂಗ್ಲಿಷ್ ಅಧಿಕಾರಿಯೂ ಶಾಸನ ಪಂಡಿತನೂ ಆಗಿದ್ದ ಜೆ.ಎಫ್. ಫ್ಲೀಟ್ ಅದನ್ನು ಪ್ರಕಟಿಸಿ ವಿದ್ವಾಂಸರ ಮುಂದಿಟ್ಟ. ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿದ್ದು, ತಲೆಯನ್ನೇ ಕೊಯ್ದುಕೊಂಡು ಶಿವನಿಗೆ ಅರ್ಪಿಸಿದ್ದು, ಏಳು ದಿನದ ಮೇಲೆ ಅದನ್ನು ಮರಳಿ ಪಡೆದದ್ದು, ಕೊನೆಗೆ ಬಿಜ್ಜಳ ಜಯಪತ್ರ ಕೊಟ್ಟದ್ದು ಎಲ್ಲ ಅದರಲ್ಲಿದೆ. ಗುಡಿಯಲ್ಲಿ ಆ ಪ್ರಸಂಗದ ಶಿಲ್ಪಗಳೂ ಇವೆ. ರಾಮಯ್ಯನ ಭಕ್ತಿಯ ಉರಿಯನ್ನು ಸಣ್ಣದು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಯಾರ ದೇವರು ಮೇಲು ಎಂಬ ಪಂದ್ಯದಲ್ಲಿ ಸೋತವರ ಕಡೆಯ ಮಾತು ಕಲ್ಲಿಗೆ ಬರಲಿಲ್ಲ. ಸೋತವರ ಬಸದಿಯಲ್ಲೂ ಜನ ಕಣ್ಣು ಮುಚ್ಚಿ ಕೂತಿದ್ದರು, ಅವರದೂ ಭಕ್ತಿಯೇ. ಒಂದೇ ಊರಿನಲ್ಲಿ ಒಂದು ಕಾಲದ ಗೆಲುವಿಗೆ ಕಲ್ಲು ಬೇಕಾಯಿತು. ಕೆಲವು ಶತಮಾನದ ಆಮೇಲೆ ಬಂದ ತ್ರಿಪದಿಗಳಿಗೆ ಬಾಯಿಗಳೇ ಸಾಕಾದವು.

ಬಾಯಿಯಲ್ಲಿದ್ದ ಆ ತ್ರಿಪದಿಗಳನ್ನು ಪುಸ್ತಕಕ್ಕೆ ತಂದವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದು ನಮ್ಮ ಕಡೆ ಹಲವರಿಗೆ ಗೊತ್ತಿಲ್ಲ. ರೆವರೆಂಡ್ ಉತ್ತಂಗಿ ಚನ್ನಪ್ಪನವರು, 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನವರು. ಬೈಬಲ್ ಅವರಿಗೆ ಮನೆಯ ಪುಸ್ತಕ. ಅದು ಕನ್ನಡಕ್ಕೆ ಬಂದದ್ದು 19ನೆಯ ಶತಮಾನದ ಮೊದಲ ದಶಕಗಳಲ್ಲಿ, ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಕೂತು ಮಾಡಿದ ಕೆಲಸದಿಂದ. ಆ ಕಾಲದಲ್ಲಿ ಎಷ್ಟೋ ಮಿಷನರಿಗಳು ಈ ನೆಲಕ್ಕೆ ಕಲಿಸಲೆಂದು ಬಂದರು. ಅವರಲ್ಲಿ ಕಲಿತವರೂ ಇದ್ದರು, 1894ರಲ್ಲಿ ಕನ್ನಡಕ್ಕೆ ಆ ಮಹಾನಿಘಂಟು ಕೊಟ್ಟ ಕಿಟ್ಟೆಲ್ ಅಂಥವರಲ್ಲಿ ದೊಡ್ಡವರು. ಉತ್ತಂಗಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಳ್ಳಿಹಳ್ಳಿ ತಿರುಗಿ ಜನರ ಬಾಯಿಂದಲೂ ಹಳೆಯ ಪ್ರತಿಗಳಿಂದಲೂ ಸರ್ವಜ್ಞನನ್ನು ಕೂಡಿಹಾಕಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ಸರ್ವಜ್ಞ ಕಲಿತ ಬಗೆಯಲ್ಲೇ ಉತ್ತಂಗಿಯವರು ಸರ್ವಜ್ಞನನ್ನು ಕಲೆಹಾಕಿದರು, ಒಬ್ಬೊಬ್ಬರಿಂದ ಒಂದೊಂದು.

ಪಾದ್ರಿಯೊಬ್ಬ ತನ್ನ ಧರ್ಮದ ಎತ್ತರದಿಂದ ಇಳಿದು ಇನ್ನೊಬ್ಬರ ಮನೆಯಂಗಳದಲ್ಲಿ ಕೂರುವುದು ಅಂದು ಸುಲಭದ ಮಾತಾಗಿರಲಿಲ್ಲ. ಮಿಷನ್ನಿನವರಿಗೂ ಇವರ ದಾರಿ ಪೂರ್ತಿ ರುಚಿಸಲಿಲ್ಲ, ಹೊರಗಿನವರಿಗೂ ಪಾದ್ರಿ ಯಾಕೆ ನಮ್ಮ ವಚನ ಹುಡುಕುತ್ತಾನೆಂದು ಅನುಮಾನ. ಅವರು ನಿಲ್ಲಲಿಲ್ಲ. ಶರಣರ ವಚನಗಳನ್ನು ಸಂಪಾದಿಸಿದರು, ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ಪುಸ್ತಕವನ್ನೇ ಬರೆದರು. ತಮ್ಮನ್ನು ತಾವು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ ಎಂದು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿತು. ಎಲ್ಲ ತಿಳಿದವನ ಪುಸ್ತಕ ಮಾಡಿದ್ದು ಒಬ್ಬ ತಿರುಕ. ಕನ್ನಡದ ಬದುಕಿನಲ್ಲಿ ನಾನು ಬಹಳ ಪ್ರೀತಿಸುವ ಜೋಡಿ ಇದು.

ಇದೇ ಜಿಲ್ಲೆಯ ಇನ್ನೊಬ್ಬರ ಮಾತಿಲ್ಲದೆ ಈ ವಿಷಯ ಮುಂದೆ ಹೋಗದು. ಶಿಗ್ಗಾವಿ ತಾಲ್ಲೂಕಿನ ಬಾಡದ ಪಾಳೆಯಗಾರ ತಿಮ್ಮಪ್ಪನಾಯಕ ಕತ್ತಿ ಕೆಳಗಿಟ್ಟು ಕಾಗಿನೆಲೆಯ ಆದಿಕೇಶವನ ಕನಕದಾಸನಾದ. ವ್ಯಾಸರಾಯರು ಸಭೆಯಲ್ಲಿ ಮೋಕ್ಷಕ್ಕೆ ಯಾರು ಹೋಗುವರೆಂದು ಕೇಳಿದಾಗ ಪಂಡಿತರೆಲ್ಲ ಸುಮ್ಮನಿದ್ದರಂತೆ, ಕನಕರು ‘ನಾನು ಹೋದರೆ ಹೋದೇನು’ ಎಂದರಂತೆ. ಮೊದಲು ಎಲ್ಲರಿಗೂ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಆಮೇಲೆ ತಿಳಿಯಿತು, ಹೋಗಬೇಕಾದದ್ದು ‘ನಾನು’ ಎಂಬುದು. ಈ ಕತೆಯನ್ನು ನಾವು ಹೇಳಿ ಹೇಳಿ ಸವೆಸಿದ್ದೇವೆ. ಅದಕ್ಕಿಂತ ಅವರ ‘ರಾಮಧಾನ್ಯಚರಿತ್ರೆ’ ನನಗೆ ಹೆಚ್ಚು ಆಪ್ತ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಅಕ್ಕಿಗೂ ರಾಗಿಗೂ ಜಗಳ. ಅಕ್ಕಿ ತಾನು ದೇವರ ನೈವೇದ್ಯಕ್ಕೆ ಸಲ್ಲುವವನು, ಮೇಲುಜಾತಿಯವರ ಎಲೆಗೆ ಬೀಳುವವನು ಎಂದು ರಾಗಿಯನ್ನು ಹೀಗಳೆಯುತ್ತದೆ. ಬರಗಾಲದಲ್ಲಿ ನೀನೆಲ್ಲಿರುತ್ತೀ, ಬಡವರ ಹೊಟ್ಟೆ ತುಂಬಿಸುವವನು ನಾನಲ್ಲವೇ ಎಂದು ರಾಗಿ ತಿರುಗಿ ಕೇಳುತ್ತದೆ. ರಾಮ ತೀರ್ಪನ್ನು ಮಾತಿನಲ್ಲಿ ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಅಕ್ಕಿ ಮುಗ್ಗಿ ಕಳೆಗುಂದಿದೆ, ರಾಗಿ ಇಟ್ಟಂತೆಯೇ ಇದೆ. ರಾಘವನ ಹೆಸರು ರಾಗಿಗೆ ಸಿಗುತ್ತದೆ. ಕೊನೆಗೆ ರಾಮ ಅಕ್ಕಿಯನ್ನೂ ಸಂತೈಸಿ ಎರಡನ್ನೂ ಒಂದು ಮಾಡುತ್ತಾನೆ ಎಂಬುದು ಕನಕರ ದೊಡ್ಡತನ. ಜಾತಿಯ ಮೇಲುಕೀಳಿನ ಕಹಿಯನ್ನು ತಾವೇ ಉಂಡ ಕವಿ ಅಕ್ಕಿಯನ್ನು ತುಳಿದು ಮೇಲೇರಲಿಲ್ಲ. ಗೋವಿನಜೋಳದ ರಾಶಿಯನ್ನು ತಾಡಪಾಲಿನಡಿ ಮುಚ್ಚಿಟ್ಟು ಮುಗಿಲು ನೋಡುವ ನಮ್ಮವರಿಗೆ ಮುಗ್ಗುವುದು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಎತ್ತರಕ್ಕೆ ಹೋಗಿ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂದರೆ ಕಾರ್ಣಿಕಕ್ಕೆ ಹೋಗಬೇಕು. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಗೆ, ಹೊಳೆಯಾಚೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ. ಉಪವಾಸ ಹಿಡಿದ ಗೊರವಯ್ಯ ಕಂಬಳಿಯ ಜನರ ನಡುವೆ ಬರುತ್ತಾನೆ. ಆಳುಗಳು ನೆಟ್ಟಗೆ ಹಿಡಿದ ದೊಡ್ಡ ಬಿಲ್ಲನ್ನು ಏರುತ್ತಾನೆ. ತುದಿಯಲ್ಲಿ ನಿಂತು ‘ಸದ್ದಲೇ’ ಎಂದು ಕೂಗುತ್ತಾನೆ. ಅಲ್ಲಿಯವರೆಗೆ ಡಮರು, ಏಳುಕೋಟಿ ಘೋಷಣೆ, ಮಕ್ಕಳ ಅಳುವಿನಿಂದ ಕಿವಿ ಮುಚ್ಚಬೇಕೆನ್ನಿಸುತ್ತಿದ್ದ ಬಯಲು ಗಪ್ಪೆನ್ನುತ್ತದೆ. ಮಳೆ, ಬೆಳೆ, ರಾಜ್ಯ ಯಾವುದರ ಬಗ್ಗೆಯೋ ಒಂದೇ ಒಂದು ಸಾಲು, ಕೊನೆಗೆ ‘ಪರಾಕ್’. ಅದನ್ನು ಬಿಡಿಸಿ ಹೇಳಲು ಅವನು ಅಲ್ಲಿ ನಿಲ್ಲುವುದಿಲ್ಲ. ಬಿಲ್ಲಿನಿಂದ ಕೈಬಿಟ್ಟು ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ವರ್ಷದ ಭವಿಷ್ಯ ಹೇಳಿದವನು ಆಮೇಲೆ ಮತ್ತೆ ಗುಂಪಿನೊಳಗೊಬ್ಬ. ಭವಿಷ್ಯ ನಿಜವಾಗುತ್ತದೋ ಇಲ್ಲವೋ, ಪೇಪರಿನವರು ಅದನ್ನು ಯಾವ ಪಕ್ಷಕ್ಕೆ ಹೊಂದಿಸುತ್ತಾರೋ ಎಂಬುದು ನನಗೆ ಮುಖ್ಯವಲ್ಲ. ಏರಿದವನು ಆಡುವ ಮಾತು ತನ್ನದಲ್ಲ, ಏರಿದ ಜಾಗವೂ ತನ್ನದಲ್ಲ. ಬೀಳುವಾಗ ಹಿಡಿಯುವ ಕೈಗಳಂತೂ ತನ್ನವಲ್ಲವೇ ಅಲ್ಲ.

ಕರ್ನಾಟಕಕ್ಕೆ ಎತ್ತರದ ಆಸೆ ಹೊಸದಲ್ಲ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನಿಗೆ ಸಾವಿರ ವರ್ಷ ಮೀರಿದೆ. ಅದನ್ನು ಮಾಡಿಸಿದ ಚಾವುಂಡರಾಯನಿಗೆ ಅಭಿಷೇಕದ ದಿನ ಹೆಮ್ಮೆ ಬಂತು, ಕೊಡಕೊಡ ಹಾಲು ಸುರಿದರೂ ಸೊಂಟದ ಕೆಳಗಿಳಿಯಲಿಲ್ಲ, ಗುಳ್ಳಕಾಯಿಯಲ್ಲಿ ಅಜ್ಜಿ ತಂದ ಗುಟುಕು ಹಾಲು ಪಾದ ಮುಟ್ಟಿತು ಎಂದು ಕತೆ. ಅಲ್ಲಿ ಬೊಪ್ಪಣ ಕವಿ ಸುಮಾರು 1180ರಲ್ಲಿ ಬರೆದ ಶಾಸನ ಅದಕ್ಕಿಂತ ಗಹನವಾದ ಮಾತಾಡುತ್ತದೆ. ಮೂರ್ತಿ ಬಹಳ ಎತ್ತರವಾದರೆ ಚೆಲುವಿರುವುದಿಲ್ಲ ಎಂದು ಅವನಿಗೆ ಗೊತ್ತು. ಇಲ್ಲಿ ಎತ್ತರವೂ ಚೆಲುವೂ ಮಹಿಮೆಯೂ ಕೂಡಿವೆಯಲ್ಲ ಎಂದು ಬೆರಗಾಗುತ್ತಾನೆ. ಒಂದು ಕಲ್ಲನ್ನು ನೋಡಿ ಕವಿ ಕೇಳಬೇಕಾದ ಪ್ರಶ್ನೆ ಅದು. ಈಗ ಮೂರ್ತಿ ನಿಂತಾಗ ನಾವು ಕೇಳುವುದು ಎಷ್ಟು ಅಡಿ ಎಂದು ಮಾತ್ರ.

ಸರ್ವಜ್ಞನಿಗೂ ಒಂದು ಮೂರ್ತಿಯ ಕತೆಯಿದೆ. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ 1991ರಲ್ಲಿ ನಿಲ್ಲಿಸಿದ ತಿರುವಳ್ಳುವರ್ ಮೂರ್ತಿ ಭಾಷೆಯ ಜಗಳದಿಂದಾಗಿ 18 ವರ್ಷ ಬಟ್ಟೆ ಹೊದ್ದುಕೊಂಡೇ ನಿಂತಿತ್ತು. ಎರಡು ಭಾಷೆಗಳ ಹೆಮ್ಮೆ ಎದುರುಬದುರು ನಿಂತ ಆ ವರ್ಷಗಳಲ್ಲಿ ಕುರಳ್ ಬರೆದವನನ್ನು ಬೆಂಗಳೂರಿನಲ್ಲಿ ಯಾರೂ ಮೋರೆ ಕೊಟ್ಟು ನೋಡುವಂತಿರಲಿಲ್ಲ. 2009ರ ಆಗಸ್ಟ್ 9ರಂದು ಕರುಣಾನಿಧಿ ಬಂದು ಅದರ ಮುಸುಕು ತೆಗೆದರು. ನಾಲ್ಕು ದಿನ ಬಿಟ್ಟು, 13ರಂದು, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಮೂರ್ತಿಯನ್ನು ಯಡಿಯೂರಪ್ಪ ಅನಾವರಣ ಮಾಡಿದರು. ಜೇಡಿಮಣ್ಣಿನ ಕೇರಿಯಿಂದ ಹೊರಟವನು ಸಮುದ್ರದ ತೀರದ ಊರಿನಲ್ಲಿ ಹೋಗಿ ನಿಂತ. ಆ ಎರಡು ಮೂರ್ತಿಗಳ ಅಡಿ ಎಷ್ಟೆಂದು ಅಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಒಬ್ಬರ ಅಂಗಳದಲ್ಲಿ ಇನ್ನೊಬ್ಬರ ಕವಿಗೆ ಜಾಗ ಸಿಕ್ಕಿತು, ಎರಡೂ ಕಡೆಯ ಜನಕ್ಕೆ ಅಷ್ಟೇ ಬೇಕಿತ್ತು.

ಫೆಬ್ರುವರಿ 20ಕ್ಕೆ ಸರ್ವಜ್ಞ ಜಯಂತಿ ಮಾಡುತ್ತೇವೆ. ಆ ದಿನದ ಭಾಷಣಗಳಲ್ಲಿ ಅಬಲೂರಿಗೂ ಮಾಸೂರಿಗೂ ಆಗಬೇಕಾದ ಭವನ, ಸ್ಮಾರಕಗಳ ಬೇಡಿಕೆ ಬರುತ್ತದೆ. ಆಗಲಿ, ನನ್ನದೂ ಒಪ್ಪಿಗೆಯಿದೆ. ಅದರ ಜೊತೆಗೆ ಈ ಪುರವಣಿ ಓದುವ ಚಿಕ್ಕೇರೂರು, ಹಂಸಭಾವಿ, ಹಿರೇಕೆರೂರು, ಹಾನಗಲ್ಲ ಕಡೆಯ ಮನೆಗಳವರಲ್ಲಿ ನನ್ನದೊಂದು ಕೇಳಿಕೆ. ಉತ್ತಂಗಿಯವರು ತಿರುಗಿದ ಕಾಲಕ್ಕೆ ಅವರ ಕೈಗೆ ಸಿಕ್ಕಿದ್ದು ಸಿಕ್ಕಿತು. ಅಟ್ಟದ ಮೇಲೆ, ದೇವರ ಜಗಲಿಯ ಹಿಂದೆ, ಮಠದ ಪೆಟ್ಟಿಗೆಯಲ್ಲಿ ಅಜ್ಜನ ಕೈಬರಹದ ಕಟ್ಟು, ತಾಡೋಲೆ, ಹಳೆಯ ಲೆಕ್ಕದ ವಹಿಯ ಅಂಚಿನಲ್ಲಿ ಬರೆದ ಪದಗಳು ಇದ್ದರೆ ಹೊಳೆಗೆ ಬಿಡಬೇಡಿ, ರದ್ದಿಗೆ ಹಾಕಬೇಡಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನಪೀಠ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗೆಂದೇ ವಿಭಾಗವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯೊಳಗೇ ಇದೆ. ಒಂದು ಫೋಟೊ ತೆಗೆದು ತೋರಿಸಿದರೂ ನಡೆಯುತ್ತದೆ. ಬೀಸುವಾಗಲೋ ನಾಟಿ ಮಾಡುವಾಗಲೋ ಸರ್ವಜ್ಞನ ಹೆಸರಿನಲ್ಲಿ ಪದ ಹಾಡುವ ಅಜ್ಜಿ ಮನೆಯಲ್ಲಿದ್ದರೆ ಮೊಬೈಲಿನಲ್ಲಿ ದನಿ ಹಿಡಿದಿಡಿ, ಹಾಡಿದವರ ಹೆಸರು ಊರು ಬರೆದಿಡಿ. ಹೋದ ಶತಮಾನದಲ್ಲಿ ಇಂಥ ಪದ ಹೇಳಿಕೊಟ್ಟ ಎಷ್ಟೋ ಜನರ ಹೆಸರು ಯಾರೂ ಬರೆದಿಡದೆ ಹೋಯಿತು.